ಈಸ್ಟರ್ ಒಳಗೆ ಗುಂಡು

ಟೆಲ್ಫರ್, ಮೊಂಟಾನಾ
ಫೆಬ್ರವರಿ 3, 2003

ಪ್ರಿಯ ಆರ್ಡಿಸ್,

ಮೊದಲು ಲೆಕ್ಕ, ಆಮೇಲೆ ಕುಶಲ. ನನ್ನ ಅಂಗಡಿಯ ಈ ಹೊಸ ಸಣ್ಣಗುಂಡಿನ, ಪಾಯಿಂಟ್ ಹದಿನೇಳರ ಕೋವಿಯ ವ್ಯವಹಾರದಲ್ಲಿ ಇವತ್ತಿನವರೆಗೆ ನನಗೆ ತಗುಲಿದ ಖರ್ಚು ಹೀಗಿದೆ. ಸಗಟು ವ್ಯಾಪಾರಿಗೆ ಮಾಡಿದ ಫೋನುಗಳು; ಎಣಿಸುವುದನ್ನು ಬಿಟ್ಟಿದ್ದೇನೆ. ಅವನ ಕಚೇರಿಯಲ್ಲಿ ಫೋನೆತ್ತುವ ಹೆಂಗಸಿನ ಮನಸ್ಸು ಕರಗಿಸಲು ಕಳಿಸಿದ ಕಾಡುಚೆರಿ ಜಾಮು, ಆರು ಬಾಟಲಿ. ಹೆಂಗಸು ಕರಗಿದಳು, ಗುಂಡು ಬರಲಿಲ್ಲ. ವರ್ಲಿನ್ ಮೋ ಜೊತೆಗಿನ ಸ್ನೇಹ. ಒಂದನೇ ತರಗತಿಯಿಂದ ಇದ್ದದ್ದು, ಸದ್ಯ ಅಮಾನತಿನಲ್ಲಿದೆ. ನನ್ನ ಹೊಟ್ಟೆಯ ಒಳಗೋಡೆ, ಚಿಂತೆಗೆ ಹುಣ್ಣಾದದ್ದು. ಇನ್ನೊಂದು ಬಾಬ್ತು ಇದೆ, ಎಲ್ಲಕ್ಕಿಂತ ದೊಡ್ಡದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ಗುಂಡು ತಯಾರಿಸುವ ಕಾರ್ಖಾನೆಯಲ್ಲೇ ಕೆಲಸ ಮಾಡುವ ನಿನಗೆ ಕೋವಿಯ ಗುಣಗಾನ ಬೇಕಿಲ್ಲ. ಆದರೂ ಇಲ್ಲಿಯ ಹುಚ್ಚು ನಿನಗೆ ಗೊತ್ತಾಗಬೇಕು. ಅಕ್ಟೋಬರಿನಲ್ಲಿ ಲೈಲ್ ಹೋವೆರುಡ್ ಮೊದಲನೆಯದನ್ನು ಒಯ್ದ. ಎರಡು ದಿನ ಬಿಟ್ಟು ಕಾಫಿ ಅಂಗಡಿಗೆ ಬಂದು, ಟೋಪಿ ಕೂಡ ತೆಗೆಯದೆ ಹೇಳಿದ: "ನೂರೈವತ್ತು ಗಜ ಕಣ್ರಯ್ಯಾ. ಖಾಲಿ ಡಬ್ಬದ ಮೇಲಿನ ಚಿತ್ರದಾಗೆ ಒಂದು ಟೊಮೇಟೊ ಇತ್ತು. ಆ ಟೊಮೇಟೊಗೇ ಹೊಡೆದೆ." ಅಷ್ಟೇ ಸಾಕಾಯಿತು. ನೆಲದಳಿಲು ಬಿಲ ತೋಡಿ ಹೊಲವನ್ನು ಜರಡಿ ಮಾಡುವ ಊರಿನಲ್ಲಿ ಇಂಥ ಮಾತು ಬೆಂಕಿಯಂತೆ ಹಬ್ಬುತ್ತದೆ. ಹೊಸವರ್ಷದ ಹೊತ್ತಿಗೆ ನಲವತ್ತೊಂದು ಕೋವಿ ಮಾರಿದ್ದೆ. ಮುನ್ನೂರು ಜನ ಇಲ್ಲದ ಊರಿನಲ್ಲಿ!

ಕೋವಿ ಬೇಕಾದಷ್ಟಿವೆ, ಅವಕ್ಕೆ ತಿನ್ನಿಸುವುದಕ್ಕೆ ಇಲ್ಲ. ಸಗಟಿನವನು ತಿಂಗಳಿಗೊಂದು ಪೆಟ್ಟಿಗೆ ಕೊಡುತ್ತಾನೆ, ಅದೂ ಉಪಕಾರ ಮಾಡಿದಂತೆ. "ದಿನಕ್ಕೆ ತಲೆಗೊಂದೇ ಡಬ್ಬಿ" ಎಂದು ಬೋರ್ಡು ಹಾಕಿದ್ದೇನೆ. ಕೆಲಸದವರಿಗೆ ನಿಮ್ಮ ಕಾರ್ಖಾನೆ ಸ್ವಲ್ಪ ಗುಂಡು ಕೊಳ್ಳಲು ಬಿಡುತ್ತದೆ ಎಂದು ಕೇಳಿದ್ದೇನೆ. ನಿನ್ನ ಪಾಲು, ನಿನ್ನ ಸ್ನೇಹಿತೆಯರ ಪಾಲು ನನಗೆ ಸಿಕ್ಕರೆ ಅಸಲಿನ ಮೇಲೆ ಒಂದಿಷ್ಟು ಸೇರಿಸಿ ಕೊಡುತ್ತೇನೆ.

ಇಲ್ಲಿ ಎಲ್ಲ ಕ್ಷೇಮ.

ನಿನ್ನ ಅಣ್ಣ,
ಸೆಲ್ಮರ್

*

ಕಾಟನ್‌ವುಡ್ ಲ್ಯಾಂಡಿಂಗ್, ಐಡಾಹೋ
ಫೆಬ್ರವರಿ 19, 2003

ಸೆಲ್ಮರ್,

ನಾಲ್ಕು ವರ್ಷ ನಿನ್ನಿಂದ ಕ್ರಿಸ್‌ಮಸ್ ಕಾರ್ಡು ಬಂದಿದೆ, ಪ್ರತಿ ಸಲವೂ ಸಹಿಯ ಜಾಗದಲ್ಲಿ ಅಂಗಡಿಯ ಮೊಹರು. ಈಗ ಎರಡು ಪುಟದ ಕಾಗದ. ಅದರಲ್ಲಿ ಗುಂಡು ಎಂಬ ಮಾತು ಎಷ್ಟು ಸಲ ಬಂದಿದೆ ಎಂದು ನೋಡಿದೆ. ನಾನು ಹೇಗಿದ್ದೇನೆ ಎಂಬ ಮಾತನ್ನೂ ಹುಡುಕಿದೆ.

ಕಾರ್ಖಾನೆ ಹೊರಗೆ ಕೊಡಲು ಬಿಡುವುದಿಲ್ಲ. ನಿಯಮ.

ಇಲ್ಲಿ ಮೂರು ಪಾಳಿ ನಡೆಯುತ್ತಿದೆ. ಕಣ್ಣು ಮುಚ್ಚಿದರೂ ಹಿತ್ತಾಳೆಯ ಹೊಳಪು ಕಾಣುತ್ತದೆ. ನಾವು ಮಾಡಿದ್ದು ಲಾರಿ ಹತ್ತಿದ ಕೂಡಲೇ ಮಾಯ. ಹೋದ ವಾರ ಇಲ್ಲಿಯ ಕೋವಿ ಸಂತೆಯಲ್ಲಿ ಒಬ್ಬ ಮೂರು ಪಟ್ಟು ಬೆಲೆಗೆ ಮಾರುತ್ತಿದ್ದ. "ತಾಯೀ, ಇವತ್ತು ತಗೊಂಡ್ರೆ ಬಚಾವು" ಎಂದು ನನಗೇ ಹೇಳಿದ. ಆ ಡಬ್ಬಿಯ ಮೇಲಿದ್ದದ್ದು ನಾನೇ ತಪಾಸಣೆ ಮಾಡಿದ ಬ್ಯಾಚಿನ ಗುರುತು. ನೀನು ಅಂಥವನಾಗಿಲ್ಲ ಎಂದುಕೊಳ್ಳುತ್ತೇನೆ.

ಒಂದು ಮಾತು ಕೇಳುತ್ತೇನೆ, ನಿನಗೆ ಲೆಕ್ಕ ಇಷ್ಟ ತಾನೆ. ನಿಮ್ಮಲ್ಲಿ ಈಗ ಮೊಣಕಾಲುದ್ದ ಹಿಮ ಇರಬೇಕು. ನೆಲದಳಿಲು ಬಿಲದಲ್ಲಿ ಮಲಗಿವೆ. ಹಾಗಿದ್ದರೆ ಅಕ್ಟೋಬರಿನಿಂದ ನೀನು ಮಾರಿದ ಗುಂಡನ್ನೆಲ್ಲ ಯಾರು ಯಾವುದಕ್ಕೆ ಹೊಡೆದರು?

ಆರ್ಡಿಸ್

*

ಟೆಲ್ಫರ್
ಫೆಬ್ರವರಿ 26, 2003

ಪ್ರಿಯ ಆರ್ಡಿಸ್,

ನಿಯಮ ಎಂದರೆ ನಿಯಮ, ಒಪ್ಪಿದೆ. ಕಾರ್ಖಾನೆಯವರು ಅಷ್ಟು ಕಟ್ಟುನಿಟ್ಟು ಎಂದು ತಿಳಿದಿರಲಿಲ್ಲ. ಹೇಗಿದ್ದೀಯ? ಇದೋ, ಕೇಳಿದೆ.

ನಿನ್ನ ಪ್ರಶ್ನೆ ಮಾತ್ರ ನನ್ನನ್ನು ಬೂಟಿನೊಳಗೆ ಹೊಕ್ಕ ಕಲ್ಲಿನಂತೆ ಕಾಡಿತು. ಮಾರಿದ್ದು ಇನ್ನೂರ ಅರವತ್ತು ಡಬ್ಬಿ. ಹೊಡೆದದ್ದು ಎಂದರೆ ಲೈಲ್‌ನ ಟೊಮೇಟೊ, ಇನ್ನೊಂದಿಷ್ಟು ಬೇಲಿಗೂಟ. ಹೀಗಿರುವಾಗ ಮೊನ್ನೆ ಗುಡ್ರುನ್ ಆಸ್‌ಹೈಮ್ ಬಂದಳು. ನೆನಪಿದೆಯಲ್ಲ, ಚರ್ಚಿನ ಅಡುಗೆಮನೆಯ ಮಹಾರಾಣಿ, ಅವಳ ಅಪ್ಪಣೆಯಿಲ್ಲದೆ ಅಲ್ಲಿ ಕಾಫಿ ಕೂಡ ಕುದಿಯುವುದಿಲ್ಲ. ಗಲ್ಲಾದ ಮೇಲೆ ಚೀಲ ಇಟ್ಟು, "ಒಂದು ಡಬ್ಬಿ ಹದಿನೇಳರದ್ದು ಕೊಡು" ಎಂದಳು.

"ಗುಡ್ರುನ್, ನಿನ್ನ ಹತ್ರ ಕೋವೀನೇ ಇಲ್ವಲ್ಲ."

"ಹಾಗಂತ ನನ್ನ ತಲೆ ಇಲ್ವಾ? ತಲೆಗೊಂದು ಅಂತ ನೀನೇ ಬರ್ದಿದೀಯ."

"ಯಾಕೆ ಬೇಕು ಅಂತ ಕೇಳಬೋದಾ?"

"ಸಿಗದೆ ಇರೋ ಸಾಮಾನು ಮನೇಲಿರ್ಬೇಕಪ್ಪ. ನಾಳೆ ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ?"

ಕೊಟ್ಟೆ. ಆಮೇಲೆ ಕೂತು ಯೋಚಿಸಿದೆ. ಬಲಗಣ್ಣು ಕಾಣದ ಮುದುಕ ಎರಡು ಸಲ ಒಯ್ದಿದ್ದಾನೆ. ಪಾದ್ರಿಯ ಹೆಂಡತಿ ಒಯ್ದಿದ್ದಾಳೆ. ನಾನು ಬೋರ್ಡು ಹಾಕುವ ಮೊದಲು ಕೋವಿ ಇದ್ದವರು ಮಾತ್ರ ಕೊಳ್ಳುತ್ತಿದ್ದರು; ಹಾಕಿದ ಮೇಲೆ ಇಡೀ ಊರಿಗೆ ಅದು ಬೇಕಾಯಿತು. ಗುಂಡಿನ ಅಭಾವ ಎಲ್ಲಿಂದಲೋ ಬಂದದ್ದಲ್ಲ ತಂಗೀ, ಅರ್ಧದಷ್ಟನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದು ಕಿಟಕಿಗೆ ಅಂಟಿಸಿದ್ದೇನೆ.

ಬೋರ್ಡು ಇವತ್ತು ಕಿತ್ತೆ. ಹೊಸದು ಬರೆದಿದ್ದೇನೆ: "ಹದಿನೇಳರ ಗುಂಡು, ಕೊಟ್ಟ ಬೆಲೆಗೇ ವಾಪಸು ಕೊಳ್ಳಲಾಗುವುದು." ಹಾಸಿಗೆಯಡಿಯಲ್ಲಿದ್ದದ್ದೆಲ್ಲ ಹೊರಬರಲಿ. ಅಣ್ಣನ ತಲೆ ಇನ್ನೂ ಓಡುತ್ತದೆ, ನೋಡುತ್ತಿರು.

ಸೆಲ್ಮರ್

*

ಟೆಲ್ಫರ್
ಮಾರ್ಚ್ 14, 2003

ಪ್ರಿಯ ಆರ್ಡಿಸ್,

ನಿನ್ನ ಉತ್ತರ ಬರಲಿಲ್ಲ. ಪಾಳಿಯ ಸುಸ್ತಿರಬೇಕು. ಅಥವಾ ನನ್ನ ಮೇಲೆ ಸಿಟ್ಟಿರಬೇಕು. ಎರಡರಲ್ಲಿ ಯಾವುದಾದರೂ ಪರವಾಗಿಲ್ಲ, ಇದನ್ನು ಓದು.

ಆ ಬೋರ್ಡಿಗೆ ಬಂದ ಡಬ್ಬಿಗಳ ಸಂಖ್ಯೆ ಸೊನ್ನೆ. ಬಂದದ್ದು ವರ್ಲಿನ್ ಮೋ. ಕಿಟಕಿಯೆದುರು ನಿಂತು ಬೋರ್ಡನ್ನು ವೇದವಾಕ್ಯದಂತೆ ಓದಿದ. ಆಮೇಲೆ ಕಾಫಿ ಅಂಗಡಿಗೆ ಹೋಗಿ ಏನಂದನೆಂದು ನನಗೆ ಐದು ಜನ ಬಂದು ಹೇಳಿದರು: "ಸೆಲ್ಮರ್ ವಾಪಸ್ ಕೊಂಡ್ಕೋತಿದಾನೆ ಅಂದ್ರೆ ಅವನಿಗೆ ಏನೋ ಗೊತ್ತಾಗಿದೆ ಕಣ್ರೋ. ಅವನು ಜನ್ಮದಲ್ಲಿ ಏನಾದ್ರೂ ವಾಪಸ್ ತಗೊಂಡಿದ್ದು ಉಂಟಾ? ಒಡೆದ ಸುತ್ತಿಗೆ ವಾಪಸ್ ತಗೊಳಲ್ಲ ಆಸಾಮಿ! ಬಿಗಿಯಾಗಿ ಹಿಡ್ಕೊಳಿ."

ಬಿಗಿಯಾಗಿ ಹಿಡಿದುಕೊಂಡರು. ಮೊದಲು ಒಂದು ಡಬ್ಬಿಯನ್ನೂ ಒಯ್ಯದವರೂ ಈಗ ಮೂವತ್ತು ಮೈಲಿ ದೂರದ ಊರುಗಳಿಗೆ ಹೋಗಿ ತರುತ್ತಿದ್ದಾರಂತೆ.

ಈಗ ಬಚ್ಚಿಟ್ಟ ಬಾಬ್ತು ಬರೆಯುತ್ತೇನೆ. ನವೆಂಬರಿನಲ್ಲಿ ಇದೇ ವರ್ಲಿನ್ ಎಲ್ಲರೆದುರು ಕೇಳಿದ್ದ: "ಕೋವಿ ಮಾರ್ತೀಯ ಸರಿ, ಗುಂಡು ಸಿಗ್ದಿದ್ರೆ ಇದನ್ನ ಬಟಾಣಿ ಬಳ್ಳಿಗೆ ಊರುಗೋಲು ಮಾಡ್ಲಾ?" ನಾಲಿಗೆ ನನ್ನದು, ನಿನಗೆ ಗೊತ್ತು. ಎದ್ದು ನಿಂತು ಹೇಳಿಬಿಟ್ಟೆ: "ಈಸ್ಟರ್ ದಿನ ನನ್ನ ಕಪಾಟಿನಲ್ಲಿ ಗುಂಡಿಲ್ಲ ಅಂದ್ರೆ, ಎಲ್ಲರೂ ಕೋವಿ ವಾಪಸ್ ತನ್ನಿ. ಪೂರ್ತಿ ದುಡ್ಡು ಕೊಡ್ತೀನಿ. ನಿಮ್ಮ ಗಾಡಿಯಿಂದ ನಾನೇ ಹೊತ್ಕೊಂಡು ಒಳಗಿಡ್ತೀನಿ." ಜನ ಚಪ್ಪಾಳೆ ತಟ್ಟಿದರು. ಆ ಮಧ್ಯಾಹ್ನ ಒಂಬತ್ತು ಕೋವಿ ಮಾರಿದೆ.

ಆ ದುಡ್ಡು ಈಗ ಹೊಸ ಛಾವಣಿಯಾಗಿ ನನ್ನ ತಲೆಯ ಮೇಲೆ ಕೂತಿದೆ. ಎಲ್ಲ ವಾಪಸು ಬಂದರೆ ಛಾವಣಿ ಇರುತ್ತದೆ, ಕೆಳಗೆ ಅಂಗಡಿ ಇರುವುದಿಲ್ಲ.

ನೆಲದಳಿಲು ಎದ್ದಿವೆ. ಲೈಲ್ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾನೆ. ಅವನ ಕುದುರೆಮೆಂತೆ ಮೇವಿನ ಹೊಲದಲ್ಲಿ ಅವು ಹಬ್ಬ ಮಾಡುತ್ತಿವೆ. ಚಿಗುರು ಬಂದಷ್ಟೂ ಮೇಯುತ್ತವೆ. ಅವನು ಕಿಟಕಿಯಿಂದ ನೋಡುತ್ತ ಮಲಗಿದ್ದಾನೆ.

ನಿನ್ನಿಂದ ಗುಂಡು ಕೇಳುತ್ತಿಲ್ಲ. ಒಂದು ಕಾಗದ ಬರೆ.

ಸೆಲ್ಮರ್

*

ಕಾಟನ್‌ವುಡ್ ಲ್ಯಾಂಡಿಂಗ್
ಮಾರ್ಚ್ 22, 2003

ಪ್ರಿಯ ಸೆಲ್ಮರ್,

ಇದನ್ನು ಮೊದಲೇ ಬರೆಯಲು ನಿನಗೇನು ಧಾಡಿ? "ಅಸಲಿನ ಮೇಲೆ ಒಂದಿಷ್ಟು ಸೇರಿಸಿ" ಎಂದೆ ನೀನು, ನಾನು ನಿನ್ನನ್ನು ಆ ಸಂತೆಯವನ ಪಕ್ಕದಲ್ಲಿ ನಿಲ್ಲಿಸಿಬಿಟ್ಟೆ. ಮೂರು ವಾರ ಬೈದುಕೊಂಡೇ ಯಂತ್ರದ ಮುಂದೆ ಕೂತಿದ್ದೆ. ಅಮ್ಮನ ಮಗನಿಗೆ ಮಾತು ಉಳಿಸಿಕೊಳ್ಳುವ ಚಿಂತೆ ಎಂದು ಗೊತ್ತಿದ್ದರೆ ಅವತ್ತೇ ಬರೆಯುತ್ತಿದ್ದೆ.

ನೀನು ಬೋರ್ಡು ಬರೆಯುವುದನ್ನು ನಿಲ್ಲಿಸು. ಟೆಲ್ಫರ್ ಜನ ಮಾರಲು ಹೇಳಿದರೆ ಮಾರುವುದಿಲ್ಲ, ಹಂಚಲು ಹೇಳಿದರೂ ಹಂಚುವುದಿಲ್ಲ. ಆದರೆ ಎಲ್ಲರೂ ಮನೆಯಿಂದ ಅಡುಗೆ ತರುವ ಚರ್ಚಿನ ಕೂಡೂಟಕ್ಕೆ ಒಬ್ಬನಾದರೂ ಬರಿಗೈಯಲ್ಲಿ ಬಂದದ್ದನ್ನು ಕಂಡಿದ್ದೀಯಾ? ಅಥವಾ ಪಕ್ಕದ ಮನೆಯವರಿಗಿಂತ ಚಿಕ್ಕ ಪಾತ್ರೆ ತಂದದ್ದನ್ನು? ಗುಡ್ರುನ್‌ಳ ಅತ್ತೆ ಎರಡು ತಟ್ಟೆ ತಂದಳು ಎಂದು ಅಮ್ಮ ಮೂರು ಮಾಡುತ್ತಿದ್ದಳು. ಮತ್ತೆ ಆ ವರ್ಷ ನೆನಪಿದೆಯಾ, ಅಮ್ಮನ ಆಲೂಗಡ್ಡೆ ತಟ್ಟೆಯನ್ನು ಯಾರೂ ಮುಟ್ಟದೆ, ತುಂಬಿದ ತಟ್ಟೆ ಮನೆಗೆ ವಾಪಸು ಬಂತು. ಎರಡು ಭಾನುವಾರ ಅವಳು ಚರ್ಚಿಗೆ ಹೋಗಲಿಲ್ಲ.

ಗುಡ್ರುನ್ ಹತ್ತಿರ ಹೋಗು. ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದ ಕೂಡೂಟಕ್ಕೆ ಊಟದ ಜೊತೆ ಲೈಲ್‌ನ ಹೊಲಕ್ಕಾಗಿ ಹದಿನೇಳರ ಡಬ್ಬಿಯನ್ನೂ ತರಬೇಕೆಂದು ಅವಳ ಬಾಯಲ್ಲೇ ಹೇಳಿಸು. ನಿನ್ನ ಬಾಯಲ್ಲಿ ಬೇಡ.

ನಿಯಮದ ವಿಷಯದಲ್ಲಿ ನಾನು ಪೂರ್ತಿ ನಿಜ ಬರೆದಿರಲಿಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಾನು ಚೆನ್ನಾಗಿದ್ದೇನೆ. ಕೇಳಿದೆಯಲ್ಲ.

ಆರ್ಡಿಸ್

*

ಟೆಲ್ಫರ್
ಏಪ್ರಿಲ್ 16, 2003

ಪ್ರಿಯ ಆರ್ಡಿಸ್,

ಕೂತುಕೊಂಡು ಓದು. ಕಾಫಿ ಮಾಡಿಕೊಂಡು ಬಂದು ಓದು.

ಗುಡ್ರುನ್ ಹತ್ತಿರ ಹೋದೆ. ಅವಳು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದಳು. "ಇದು ನಿನ್ನ ತಲೇಲಿ ಹುಟ್ಟಿದ್ದಲ್ಲ" ಎಂದಳು. ಆರ್ಡಿಸ್ ಎಂದೆ. "ಹಾಗನ್ನು. ಆ ಹುಡುಗಿ ಇದ್ದಾಗ ಈ ಅಡುಗೆಮನೆ ಬೇರೇನೇ ಇತ್ತು" ಎಂದು ಒಪ್ಪಿದಳು. ಮುಂದಿನ ಭಾನುವಾರ ಆರಾಧನೆ ಮುಗಿಯುತ್ತಲೇ ಎದ್ದು ನಿಂತು, "ಲೈಲ್ ಹೊಲ ಹಾಳಾಗ್ತಿದೆ. ಊಟದ ಜೊತೆ ಡಬ್ಬಿ ತನ್ನಿ. ಯಾರ ಮನೇಲಿ ಎಷ್ಟಿದೆ ಅಂತ ನಾನು ಕೇಳಲ್ಲ, ನೋಡ್ತೀನಿ" ಎಂದಳು. ಪಾದ್ರಿ ತನ್ನ ಬೂಟು ನೋಡಿಕೊಂಡ.

ಗರಿಗಳ ಭಾನುವಾರ ನಾನು ಬೇಗ ಹೋಗಿ ಮೂಲೆಯಲ್ಲಿ ಕೂತೆ. ಮೊದಲು ಬಂದವರು ಒಂದೊಂದು ಡಬ್ಬಿ ತಂದರು, ಕೋಟಿನ ಜೇಬಿನಿಂದ, ಕಳ್ಳಮಾಲಿನ ಹಾಗೆ. ಹಸಿರು ಜೆಲ್ಲಿಗೂ ಹ್ಯಾಮಿಗೂ ನಡುವೆ ಸಾಲಾಗಿ ಇಟ್ಟರು. ವರ್ಲಿನ್ ಎರಡು ಇಟ್ಟು ಸುತ್ತ ನೋಡಿದ, ಯಾರಾದರೂ ನೋಡಿದರೋ ಇಲ್ಲವೋ ಎಂದು. ಅಷ್ಟರಲ್ಲಿ ಗುಡ್ರುನ್ ಬಂದಳು. ಕೋವಿಯಿಲ್ಲದ ಗುಡ್ರುನ್! ಪಾತ್ರೆ ಒರೆಸುವ ಬಟ್ಟೆಯ ಗಂಟು ಬಿಚ್ಚಿ ಹನ್ನೊಂದು ಡಬ್ಬಿ ಮೇಜಿನ ಮೇಲೆ ಪೇರಿಸಿದಳು.

ಸಭಾಂಗಣದಲ್ಲಿದ್ದವರೆಲ್ಲ ಕತ್ತು ಚಾಚಿ ಎಣಿಸಿದರು. ವರ್ಲಿನ್ ಮುಖ ಹ್ಯಾಮಿನ ಬಣ್ಣಕ್ಕೆ ತಿರುಗಿತು.

"ಗಾಡೀಲಿ ಇನ್ನೂ ಅವೆ" ಎಂದ. "ಹೊತ್ಕೊಂಡು ಬರೋಕೆ ಕೈ ಸಾಲ್ಲಿಲ್ಲ ಅಷ್ಟೇ."

"ಹೌದಪ್ಪ," ಎಂದಳು ಗುಡ್ರುನ್, "ಎರಡು ಡಬ್ಬಿ ಭಾರಾನೇ."

ನಗು ಹೇಗೆ ಬಂತೆಂದರೆ ಜೆಲ್ಲಿ ಅಲುಗಿತು. ವರ್ಲಿನ್ ಹೊರಗೆ ಓಡಿದ. ಅವನ ಹಿಂದೆ ಅರ್ಧ ಊರು ಓಡಿತು. ಮನೆ ಹತ್ತಿರವಿದ್ದವರು ಮನೆಗೇ ಓಡಿದರು. ಬಲಗಣ್ಣು ಕಾಣದ ಮುದುಕ ಕೈಗಾಡಿಯಲ್ಲಿ ತಂದ. ಪಾದ್ರಿಯ ಹೆಂಡತಿ ಕೇಕಿನ ಪೆಟ್ಟಿಗೆ ತೆರೆದಳು, ಅದರೊಳಗೆ ಕೇಕಿರಲಿಲ್ಲ. ಪಾದ್ರಿಗೂ ಅದು ಅವತ್ತೇ ಗೊತ್ತಾದದ್ದು. ಮೇಜು ಸಾಲದೆ ಪಿಯಾನೋದ ಮೇಲೆ ಇಟ್ಟರು. ನಾನು ಎಣಿಸಿದೆ. ನಾನು ಮಾರಿದ್ದಕ್ಕಿಂತ ಹೆಚ್ಚಿತ್ತು! ಅಂದರೆ ನನ್ನ ಗಿರಾಕಿಗಳು ಬೇರೆ ಅಂಗಡಿಗೂ ಹೋಗುತ್ತಾರೆ. ಯಾರ್ಯಾರೆಂದು ನೋಡಿಟ್ಟುಕೊಂಡಿದ್ದೇನೆ.

"ಇವತ್ತು ಗುಂಡು ಹಾರಿಸೋದು ಬೇಡ, ಗರಿಗಳ ಭಾನುವಾರ" ಎಂದ ಪಾದ್ರಿ. ಸೋಮವಾರ ಬೆಳಿಗ್ಗೆ ಲೈಲ್‌ನ ಕಾಲುವೆ ದಂಡೆಯುದ್ದಕ್ಕೂ ಕೋವಿ ಹಿಡಿದವರು ಮಲಗಿದ್ದರು. ಲೈಲ್‌ನನ್ನು ಕುರ್ಚಿ ಸಮೇತ ಹೊತ್ತು ತಂದು ಹಿಂದೆ ಕೂರಿಸಿದ್ದರು. ಕಂಬಳಿ ಹೊದ್ದು, ದುರ್ಬೀನು ಹಿಡಿದು ಆಳುತ್ತಿದ್ದ: "ಎಡಕ್ಕೆ ವರ್ಲಿನ್! ಎಡ ಅಂದ್ರೆ ನಿನ್ನ ಎಡಾನೋ ಮಾರಾಯ, ನನ್ನದಲ್ಲ!" ಸಂಜೆಯ ಹೊತ್ತಿಗೆ ಹೊಲ ಸದ್ದಿಲ್ಲದಂತಾಯಿತು. ಅವನು ಬಹಳ ಹೊತ್ತು ಆ ಹಸಿರನ್ನೇ ನೋಡುತ್ತ ಕೂತಿದ್ದ. ಈ ಬೇಸಿಗೆ ಅವನಿಗೆ ಹುಲ್ಲಿದೆ.

ಇಷ್ಟಾದರೂ ಖರ್ಚಾದದ್ದು ಕಾಲುಭಾಗ ಮಾತ್ರ. ಉಳಿದದ್ದನ್ನು ಒಯ್ಯಿರಿ ಎಂದರೆ ಯಾರೂ ಮುಂದೆ ಬರಲಿಲ್ಲ. ಕೂಡೂಟಕ್ಕೆ ತಂದದ್ದನ್ನು ಮುಟ್ಟದೆಯೇ ಮನೆಗೆ ಒಯ್ಯುವುದುಂಟೇ! "ನಂದಲ್ಲಪ್ಪ, ನಂದು ಖಾಲಿಯಾಯ್ತು" ಎಂದು ಒಬ್ಬೊಬ್ಬರೇ ಜಾರಿದರು. ಕೊನೆಗೆ ಗುಡ್ರುನ್, "ಸೆಲ್ಮರ್, ಇದನ್ನೆಲ್ಲ ನಿನ್ನ ಕಪಾಟಿಗೆ ಹಾಕ್ಕೋ. ಬೇಕಾದೋರು ಬಂದು ತಗೊಳ್ಲಿ, ದುಡ್ಡು ಚರ್ಚಿನ ಛಾವಣಿಗೆ" ಎಂದಳು.

ನನ್ನ ಕಪಾಟಿನಲ್ಲಿ, ಆರ್ಡಿಸ್! ಈಸ್ಟರ್‌ಗೆ ನಾಲ್ಕು ದಿನ ಮೊದಲು, ತುಂಬಿದ ಕಪಾಟು. ನಿನ್ನೆಯಿಂದ ಇದೆ. ಒಬ್ಬನೂ ಕೊಂಡಿಲ್ಲ. ಮಾರಾಟವಾಗದೆ ಕೂತ ಸಾಮಾನು ಇಷ್ಟು ಚೆಂದ ಕಾಣುತ್ತದೆ ಎಂದು ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ನನಗೆ ಗೊತ್ತಿರಲಿಲ್ಲ. ನಿನ್ನೆ ನಾನು ಹುರಿದ ಹಂದಿಮಾಂಸ ತಿಂದೆ, ಹೊಟ್ಟೆ ಏನೂ ಅನ್ನಲಿಲ್ಲ.

ನಿಯಮದ ಬಗ್ಗೆ ಏನೋ ಬರೆಯುತ್ತೇನೆ ಎಂದಿದ್ದೆಯಲ್ಲ ನೀನು.

ಸೆಲ್ಮರ್

*

ಕಾಟನ್‌ವುಡ್ ಲ್ಯಾಂಡಿಂಗ್
ಏಪ್ರಿಲ್ 21, 2003

ಪ್ರಿಯ ಸೆಲ್ಮರ್,

ನಿನ್ನ ಕಾಗದವನ್ನು ಊಟದ ವಿರಾಮದಲ್ಲಿ ನಮ್ಮ ಸಾಲಿನ ಹೆಂಗಸರಿಗೆಲ್ಲ ಓದಿ ಹೇಳಿದೆ. ಕೇಕಿನ ಪೆಟ್ಟಿಗೆಯ ಹತ್ತಿರ ಬಂದಾಗ ಮೇಲ್ವಿಚಾರಕಿಯೇ ಮೇಜು ಕುಟ್ಟಿ ನಕ್ಕಳು. ಅದಾದ ಮೇಲೆ ಒಬ್ಬೊಬ್ಬರೇ ತಮ್ಮ ಮನೆಯಲ್ಲಿ ಎಲ್ಲೆಲ್ಲಿ ಎಷ್ಟು ಗುಂಡಿದೆ ಎಂದು ಒಪ್ಪಿಕೊಂಡರು. ನಾನು ಒಪ್ಪಿಕೊಳ್ಳಲಿಲ್ಲ. ಅದನ್ನು ನಿನಗೇ ಹೇಳಬೇಕಿತ್ತು.

ನಿಯಮ ಏನೆಂದರೆ, ಕೆಲಸದವರು ತಿಂಗಳಿಗೆ ಎರಡು ಡಬ್ಬಿ ಕೊಳ್ಳಬಹುದು, ಯಾರಿಗೆ ಬೇಕಾದರೂ ಕೊಡಬಹುದು. ಅಕ್ಟೋಬರಿನಿಂದ ತಪ್ಪದೆ ಕೊಂಡಿದ್ದೇನೆ. ಹದಿನಾಲ್ಕು ಡಬ್ಬಿ, ನನ್ನ ಹಾಸಿಗೆಯ ಕೆಳಗೆ, ಚಳಿಗಾಲದ ಬೂಟಿನ ಹಿಂದೆ. ನನ್ನ ಮನೆಯಲ್ಲಿ ಕೋವಿ ಇಲ್ಲ. ನೀನು ಕೋವಿ ಮಾರುತ್ತೀಯ, ನಿನಗೆ ಬೇಕಾಗುತ್ತದೆ, ಕೇಳಿದಾಗ ಕೊಟ್ಟು ಬೆಚ್ಚಿಬೀಳಿಸಬೇಕು ಎಂದುಕೊಂಡಿದ್ದೆ. ನೀನು ಕೇಳಿದೆ. ಕೇಳಿದ ರೀತಿ ನೋಡಿ ಕೊಡಬಾರದು ಅನ್ನಿಸಿತು. ನಿಯಮ ಎಂದು ಬರೆದೆ. ಗುಡ್ರುನ್‌ಳ ಗಂಟಿನ ಬಗ್ಗೆ ಓದಿ ನಗುವಾಗ ನನ್ನ ಕಿವಿ ಬಿಸಿಯಾಗಿತ್ತು.

ಗುಂಡನ್ನು ಅಂಚೆಯವರು ಒಯ್ಯುವುದಿಲ್ಲ. ಇದು ನಿಜವಾದ ನಿಯಮ. ಮುಂದಿನ ಶುಕ್ರವಾರ ರಜೆ ಹಾಕಿದ್ದೇನೆ, ಬೆಟ್ಟದ ಕಣಿವೆದಾರಿಯಲ್ಲಿ ಹಿಮ ಕರಗಿದೆಯಂತೆ. ಕಾರಿನಲ್ಲಿ ಹಾಕಿಕೊಂಡು ಬರುತ್ತೇನೆ. ಈಗ ಅವು ನಿನಗೆ ಬೇಡವೆಂದು ಗೊತ್ತು. ಆದರೂ ತರುತ್ತೇನೆ. ತುಂಬಿದ ತಟ್ಟೆ ವಾಪಸು ಕಳಿಸಬೇಡ.

ಆರ್ಡಿಸ್

*

ಟೆಲ್ಫರ್
ಮೇ 6, 2003

ಪ್ರಿಯ ಆರ್ಡಿಸ್,

ನೀನು ಹೋಗಿ ಒಂದು ವಾರವಾಯಿತು. ನಿನ್ನ ಕೈಗವಸು ಗಲ್ಲಾದ ಹಿಂದೆ ಸಿಕ್ಕಿದೆ. ಕಳಿಸುವುದಿಲ್ಲ, ಬಂದು ಒಯ್ಯಿ.

ಒಂದು ಮಾತು ನಿನ್ನೆದುರು ಹೇಳಲಿಲ್ಲ, ವರ್ಲಿನ್ ಅಲ್ಲೇ ಕೂತು ನಿನ್ನ ಕಾಫಿ ಕುಡಿಯುತ್ತಿದ್ದ. ಈಸ್ಟರ್‌ನ ಹಿಂದಿನ ಶನಿವಾರ, ಬಾಗಿಲು ಹಾಕುವ ಹೊತ್ತಿಗೆ ಅವನು ಬಂದ. ಕೈಯಲ್ಲಿ ಕೋವಿ. ಮೊದಲನೇ ವಾಪಸು ಬಂತು ಎಂದುಕೊಂಡೆ. ಗಲ್ಲಾದ ಮೇಲೆ ಇಟ್ಟ. ಕಪಾಟಿನತ್ತ ನೋಡಿದ, ನನ್ನತ್ತ ನೋಡಿದ.

"ಸೆಲ್ಮರ್, ನೀನು ಹೊತ್ಕೊಂಡು ಒಳಗಿಡ್ತೀನಿ ಅಂದಿದ್ದೆ."

"ಅಂದಿದ್ದೆ. ಆದ್ರೆ ಕಪಾಟು ನೋಡು, ತುಂಬಿದೆ."

"ಕಪಾಟು ಯಾವನಿಗೆ ಬೇಕು? ಇದರ ಗುರಿ ಎಡಕ್ಕೆ ಹೋಗುತ್ತೆ. ಲೈಲ್ ಊರೆಲ್ಲಾ ನನ್ನನ್ನ ಎಡ ಬಲ ಗೊತ್ತಿಲ್ದೋನು ಅಂತಿದಾನೆ. ಒಳಗಿಟ್ಟು ಸರಿಮಾಡು."

ಸರಿಮಾಡಿದಂತೆ ಮಾಡಿ ಕೊಟ್ಟೆ. ಗುರಿ ನೆಟ್ಟಗೇ ಇತ್ತು, ಅದನ್ನು ಅವನಿಗೆ ಹೇಳಲಿಲ್ಲ. ಒಂದನೇ ತರಗತಿಯ ಸ್ನೇಹ ಅಮಾನತಿನಿಂದ ವಾಪಸು ಬಂತು.

ನಿನ್ನೆ ಸಗಟಿನವನ ಲಾರಿ ಬಂತು. ಬಾಕಿಯಿದ್ದ ಗುಂಡನ್ನೆಲ್ಲ ಒಮ್ಮೆಗೇ ಕಳಿಸಿದ್ದಾನೆ, ಮೇಲೊಂದು ಚೀಟಿ: ಜಾಮು ಬಹಳ ರುಚಿಯಾಗಿತ್ತು. ಪೆಟ್ಟಿಗೆಗಳು ಹಿಂಬಾಗಿಲನ್ನು ತಡೆದು ನಿಂತಿವೆ. ಒಂದನ್ನು ಮೆಟ್ಟಿಲು ಮಾಡಿಕೊಂಡು ಬಲ್ಬು ಬದಲಾಯಿಸಿದೆ.

ಹಾಗಾದರೆ ಯಾರಿಗೆ ಏನು ದಕ್ಕಿತು?

ಲೈಲ್‌ಗೆ, ಮೊದಲ ಕೊಯ್ಲು. ಈಗ ಊರುಗೋಲು ಹಿಡಿದು ಬೇಲಿಯವರೆಗೆ ನಡೆಯುತ್ತಾನೆ. ವರ್ಲಿನ್‌ಗೆ, ಲೈಲ್‌ನ ಹೊಲದಿಂದ ಓಡಿಹೋದ ನೆಲದಳಿಲುಗಳು, ಎಲ್ಲವೂ. ಗುಡ್ರುನ್‌ಗೆ, ಹನ್ನೊಂದು ಡಬ್ಬಿಯ ಕೀರ್ತಿ. ಜೊತೆಗೆ ಒಂದು ಕೋವಿ, ನಿನ್ನೆ ಕೊಂಡಳು, "ಇಷ್ಟೊಂದು ಗುಂಡು ಇದ್ಮೇಲೆ ಒಂದಿರ್ಲಿ" ಎಂದು. ಪಾದ್ರಿಗೆ, ಚರ್ಚಿನ ಛಾವಣಿಯ ಒಂದು ಮೂಲೆ, ಮತ್ತು ಹೆಂಡತಿಯ ಕೇಕಿನ ಪೆಟ್ಟಿಗೆಗಳನ್ನು ತೆರೆದು ನೋಡುವ ಅಭ್ಯಾಸ. ಸಗಟಿನವನಿಗೆ, ಜಾಮು. ನಿನಗೆ, ಮೊಹರಿಲ್ಲದ ಕಾಗದಗಳು.

ನನಗೆ, ಅಂಗಡಿ, ಅದರ ಛಾವಣಿ, ಮಾರಲಾಗದಷ್ಟು ಗುಂಡು. ಇನ್ನು ನೀನು ತಂದ ಹದಿನಾಲ್ಕು ಡಬ್ಬಿ. ಅವು ಮಾರಾಟಕ್ಕಿಲ್ಲ. ನನ್ನ ಹಾಸಿಗೆಯ ಕೆಳಗಿವೆ.

ಸೆಲ್ಮರ್